ಶಿರತೋಮರಿಯ ಉಳಿದ ಅರ್ಧ

ಭಾನುವಾರ ಬೆಳಿಗ್ಗೆ ದೋಸೆಯ ಮುಂದೆ ಕೂತಾಗಲೂ ರಾಮದಾಸನಿಗೆ ತಾನು ಆ ಕಥೆಯ ಉಳಿದ ಅರ್ಧವನ್ನು ಹೇಳಿದ್ದೆನೋ ಇಲ್ಲವೋ ಎಂಬುದು ನೆನಪಾಗಲಿಲ್ಲ. ಮೊದಲ ಅರ್ಧ ಮಾತ್ರ ಅಚ್ಚು ಹೊಡೆದ ಹಾಗೆ ನೆನಪಿತ್ತು, ಯಾರು ಎಲ್ಲಿ ನಕ್ಕರು ಎಂಬುದರ ಸಮೇತ. ಡಿಸೆಂಬರಿನಲ್ಲಿ, ಸ್ವೀಡನ್ನಿನ ಸೋಡರ್‌ಟೆಲ್ಯೆಯ ಲಾರಿ ಕಾರ್ಖಾನೆಯ ಡಿಸೈನ್ ವಿಭಾಗದಲ್ಲಿ, ಕೇಸರಿ ಹಾಕಿದ ಬನ್ನು ತಿನ್ನುತ್ತ ಎಲ್ಲರೂ ಫೀಕಾಗೆ ಕೂತಿದ್ದರು. ಫೀಕಾ ಎಂದರೆ ಕಾಫಿ ಕುಡಿಯುವುದು ಎಂದು ಹೊಸದಾಗಿ ಬಂದವರು ತಿಳಿಯುತ್ತಾರೆ; ಅದು ಕಾಫಿಯ ನೆಪದಲ್ಲಿ ಹಾಕುವ ಹಾಜರಿ ಎಂದು ರಾಮದಾಸನಿಗೆ ಗೊತ್ತಾಗಿತ್ತು. ಅಲ್ಲಿ ಬಾಯಿ ಬಿಡದವನು ಲೆಕ್ಕಕ್ಕಿಲ್ಲ. ಸ್ವೀಡಿಷ್‌ನಲ್ಲಿ ಅವನ ಬಂಡವಾಳ ಹವಾಮಾನ ಮತ್ತು ರೈಲು ತಡವಾದದ್ದು, ಇಷ್ಟೇ. ಆದರೆ ಇಂಗ್ಲಿಷಿನಲ್ಲಿ ಅವನ ಕೈಯಲ್ಲಿ ಒಂದು ಊರಿತ್ತು. ಶಿರತೋಮರಿ. ಬೆಂಗಳೂರಿನ ಕಂಪನಿ ಅವನನ್ನು ಜಪಾನಿನ ಈಶಾನ್ಯ ಕರಾವಳಿಯ ಆ ಸಣ್ಣ ಊರಿಗೆ, ದೋಣಿ ಎಂಜಿನ್ನಿನ ಬಿಡಿಭಾಗ ಮಾಡುವ ಕಾರ್ಖಾನೆಗೆ, ತರಬೇತಿಗೆಂದು ಕಳಿಸಿ ಎರಡು ವರ್ಷ ಮರೆತುಬಿಟ್ಟಿತ್ತು. ಆ ಎರಡು ವರ್ಷವನ್ನು ಅವನು ಫೀಕಾದಿಂದ ಫೀಕಾಗೆ ತುಂಡು ತುಂಡಾಗಿ ಬಡಿಸುತ್ತ ಬಂದಿದ್ದ. ಆವತ್ತಿನ ತುಂಡು ಇದು: ವಸಂತದಲ್ಲಿ ಒಂದು ದಿನ ಕಡಲು ಹಿಂದಕ್ಕೆ ಸರಿಯುತ್ತದೆ, ಎಷ್ಟು ದೂರವೆಂದರೆ ಅದರ ತಳದ ಮೇಲೆ ನಡೆದಾಡಬಹುದು. ಶಾಲೆಗೆ ರಜೆ, ಅಂಚೆ ಕಚೇರಿಯವನೂ ಬಾಗಿಲು ಹಾಕುತ್ತಾನೆ. ಊರಿಗೆ ಊರೇ ಬುಟ್ಟಿ ಹಿಡಿದು ಇಳಿದು, ಕೆಸರು ಕೆದರಿ ಚಿಪ್ಪು ಆರಿಸುತ್ತದೆ. ಗುಂಡಿಗಳಲ್ಲಿ ಮೀನು ಪಟಪಟ ಎನ್ನುತ್ತಿರುತ್ತದೆ, ಕೈ ಹಾಕಿದರೆ ಆಯಿತು. ಅದೇ ವಿಭಾಗದ ಯೋರಾನ್ ನಕ್ಕು, “ಇದನ್ನ ಮರಿಯಾನ್‌ಗೆ ಹೇಳ್ಬೇಕು, ಚಿಪ್ಪು ಕಂಡ್ರೆ ಅವಳಿಗೆ ಹುಚ್ಚು,” ಎಂದಿದ್ದ. ಉಳಿದ ಅರ್ಧವೆಂದರೆ, ಅಕಾಲದಲ್ಲಿ ಕಡಲು ಹಾಗೆ ಸರಿದರೆ ಅದು ಗೋಡೆಯಾಗಿ ಎದ್ದು ವಾಪಸು ಬರುತ್ತದೆ, ಬುಟ್ಟಿ ಅಲ್ಲೇ ಬಿಟ್ಟು ಬೆಟ್ಟ ಹತ್ತಬೇಕು ಎಂಬುದು. ಅಷ್ಟರಲ್ಲಿ ಮ್ಯಾನೇಜರ್ ಎದ್ದ, ಎಲ್ಲರೂ ಕಪ್ಪುಗಳನ್ನು ತೊಳೆಯುವ ಯಂತ್ರಕ್ಕೆ ಇಡಲು ಹೋದರು. ರಾಮದಾಸ ಆ ಅರ್ಧವನ್ನು ಸೋಮವಾರದ ಫೀಕಾಗೆಂದು ಉಳಿಸಿಕೊಂಡನೆ? ಅಥವಾ ಯಂತ್ರದ ಹತ್ತಿರ ಬಗ್ಗಿದ್ದ ಯೋರಾನ್‌ಗೊಬ್ಬನಿಗೇ ಹೇಳಿದನೆ? ಕ್ರಿಸ್‌ಮಸ್ಸಿಗೆ ಯೋರಾನ್ ಮತ್ತು ಅವನ ಹೆಂಡತಿ ಮರಿಯಾನ್ ಥಾಯ್ಲೆಂಡಿಗೆ ಹೋದರು. ಹಬ್ಬದ ಮಾರನೆಯ ಬೆಳಿಗ್ಗೆ ಅಲ್ಲಿ ಕಡಲು ಹಿಂದಕ್ಕೆ ಸರಿಯಿತು. ಯೋರಾನ್ ವಾಪಸು ಬಂದ. ಮರಿಯಾನ್ ಕಾಣೆಯಾಗಿದ್ದಳು.

“ಯೋರಾನ್ ಮನೆಗೆ ಫೋನ್ ಮಾಡಿ ಹೋಗಿ,” ಎಂದಳು ಹೆಂಡತಿ ಶೋಭನಾ, ಕಾವಲಿಯಿಂದ ಕಣ್ಣು ತೆಗೆಯದೆ.

“ಮಾತಾಡಿಸ್ಕೊಂಡು ಬರೋಕೆ ಅಪಾಯಿಂಟ್‌ಮೆಂಟ್ ತಗೊಂಡು ಹೋಗ್ತಾರೇನೇ?”

“ರೀ, ಇದು ಬಸವನಗುಡಿನಾ? ಮೂರು ವಾರ ಆಯ್ತು. ನಿಮ್ಮ ಆಫೀಸಿನೋರು ಒಬ್ರಾದ್ರೂ ಹೋದ್ರಾ?”

“ಅವನಿಗೆ ಸ್ಪೇಸ್ ಕೊಡ್ಬೇಕಂತೆ. ಇಮೇಲ್ ಬಂದಿತ್ತು.”

“ಮತ್ತೆ?”

“ಸ್ಪೇಸ್‌ಗೇನು ಕಡಿಮೆ ಅವನಿಗೆ? ಮನೆ ತುಂಬ ಅದೇ ಇದೆ ಈಗ.”

ಕಿವಿಗೆ ವೈರು ಸಿಕ್ಕಿಸಿಕೊಂಡಿದ್ದ ದಿಯಾ ಒಂದು ವೈರನ್ನು ಮಾತ್ರ ತೆಗೆದು, “ಮೆನ್ ಪಪ್ಪ, ಮನ್ ರಿಂಗೆರ್ ಫೋರ್ಸ್ಟ್,” ಎಂದಳು. ಮೊದಲು ಫೋನ್ ಮಾಡಬೇಕು ಎಂಬ ಅಮ್ಮನ ಮಾತೇ ಮಗಳ ಬಾಯಲ್ಲಿ ಸ್ವೀಡಿಷ್ ಆಗಿ, ಸಲಹೆ ಹೋಗಿ ಕಾನೂನಾಗಿ ಬಂದಿತ್ತು. ಅವಳು ವೈರನ್ನು ಮತ್ತೆ ಸಿಕ್ಕಿಸಿಕೊಂಡಳು.

“ಹೋಗೋದಾದ್ರೆ ಹೋಗಿ. ಆದ್ರೆ ಒಂದು ಹೇಳಿ,” ಶೋಭನಾ ಸೌಟನ್ನು ಹಾಗೇ ಹಿಡಿದುಕೊಂಡು ತಿರುಗಿದಳು. “ವಾಪಸ್ ಬಂದು ತಲೆಗೆ ಸ್ನಾನ ಮಾಡ್ತೀರೋ ಇಲ್ವೋ?”

“ಅಂದ್ರೆ?”

“ಮಾಡಿದ್ರೆ ಆಕೆ ಹೋದ್ಲು ಅಂತ ನಾವೇ ಡಿಸೈಡ್ ಮಾಡಿದ ಹಾಗೆ. ಮಾಡ್ದೇ ಇದ್ರೆ, ನಾಳೆ ಹೋಗಿದ್ಲು ಅಂತ ಗೊತ್ತಾದ್ರೆ?”

ಇಷ್ಟು ಚೊಕ್ಕವಾಗಿ ಆ ಮನೆಯ ಸ್ಥಿತಿಯನ್ನು ಯಾವ ಪೇಪರಿನವರೂ ಬರೆದಿರಲಿಲ್ಲ. ರಾಮದಾಸ ಬೂಟು ಹುಡುಕಿದ. ಮೂರು ವಾರದಿಂದ ತನ್ನನ್ನು ಕೊರೆಯುತ್ತಿದ್ದುದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಹೇಳಿದ್ದರೆ ಅವಳು, ನಿಮ್ಮ ಕಥೆ ಅಷ್ಟು ಗಮನ ಇಟ್ಟು ಯಾರು ಕೇಳಿರ್ತಾರೆ ಸುಮ್ನಿರಿ, ಎನ್ನುತ್ತಿದ್ದಳು. ಆ ಸಮಾಧಾನ ಅವನಿಗೆ ಬೇಕಿರಲಿಲ್ಲ.

ತಮ್ಮ ಮನೆಯಿದ್ದ ಸುಂಡ್‌ಬೀಬರ್ಯ್‌ನಿಂದ ಹೊರಟು ಸೆಂಟ್ರಲ್ ನಿಲ್ದಾಣದಲ್ಲಿ ಬದಲಿಸಿದ ರೈಲಿನಲ್ಲಿ ಅವನಿಗೆ ಕಿಟಕಿಯ ಪಕ್ಕವೇ ಸಿಕ್ಕಿತು. ಹೊರಗೆ ಹಿಮ, ಪೈನ್ ಮರ, ಬಂಡೆ, ಮತ್ತೆ ಪೈನ್ ಮರ. ದೇವರು ಈ ದೇಶ ಮಾಡುವಾಗ ಬೇರೆ ಯೋಚನೆಯಲ್ಲಿದ್ದ ಹಾಗೆ. ಶಿರತೋಮರಿಗೆ ಹೋಗುವ ಒಂಟಿ ಬೋಗಿಯ ರೈಲಿನಲ್ಲಿ ಹೀಗೆ ನಿಶ್ಚಿಂತೆಯಿಂದ ಹೊರಗೆ ನೋಡುವಂತಿರಲಿಲ್ಲ. ಅಲ್ಲಿ ಬೆಟ್ಟಗಳು ನೀರಿಗದ್ದಿದ ಬೆರಳುಗಳ ಹಾಗೆ ಕಡಲಿಗಿಳಿಯುತ್ತವೆ, ಬೆರಳ ಸಂದಿಗೊಂದು ಊರು. ರೈಲು ಬೆರಳನ್ನು ಕೊರೆದುಕೊಂಡು ಹೋಗಬೇಕು: ಸುರಂಗ, ಕತ್ತಲೆ, ತಟಕ್ಕನೆ ಒಂದು ತುಣುಕು ಕಡಲು, ನಾಲ್ಕು ದೋಣಿ, ಮತ್ತೆ ಸುರಂಗ. ಆ ಕಡಲಿನಲ್ಲಿ ಉತ್ತರದ ತಣ್ಣನೆಯ ಪ್ರವಾಹವೂ ದಕ್ಷಿಣದ ಬೆಚ್ಚನೆಯ ಪ್ರವಾಹವೂ ಸೇರುತ್ತವಂತೆ. ಅದಕ್ಕೇ ಅಷ್ಟು ಮೀನು. ದಂಡೆಯ ಉದ್ದಕ್ಕೂ ಸ್ಕ್ವಿಡ್ಡುಗಳನ್ನು ತೊಳೆದ ಬನಿಯನ್ನುಗಳ ಹಾಗೆ ಹಗ್ಗಕ್ಕೆ ಒಣಹಾಕಿರುತ್ತಿದ್ದರು. ಊರಿಗೂ ಕಡಲಿಗೂ ನಡುವೆ ಎರಡಾಳೆತ್ತರದ ಕಾಂಕ್ರೀಟು ಗೋಡೆ, ಗೋಡೆಗೆ ಕಬ್ಬಿಣದ ಗೇಟು. ಸಂಜೆ ಐದಕ್ಕೆ ಕಂಬದ ಮೇಲಿನ ಧ್ವನಿವರ್ಧಕದಲ್ಲಿ ಮಕ್ಕಳನ್ನು ಮನೆಗೆ ಕಳಿಸುವ ರಾಗ ಬರುತ್ತಿತ್ತು. ಶಾಲೆಯ ಹಿಂದಿನ ಇಳಿಜಾರಿನಲ್ಲಿ, ಪಾಚಿ ಹಿಡಿದ ಒಂದು ಕಲ್ಲು. ಇಲ್ಲಿಂದ ಕೆಳಗೆ ಮನೆ ಕಟ್ಟಬೇಡಿ ಎಂದು ಅದರ ಮೇಲೆ ಬರೆದಿದೆ ಎಂದು ಕಾರ್ಖಾನೆಯ ಮೇಸ್ತ್ರಿ ತೋರಿಸಿದ್ದ. ಅಜ್ಜಂದಿರ ಕಾಲದಲ್ಲಿ ಒಮ್ಮೆ ಹಬ್ಬದ ಸಂಜೆ, ಆಮೇಲೊಮ್ಮೆ ಹಿಮ ಬೀಳುತ್ತಿದ್ದ ನಸುಕಿನಲ್ಲಿ, ನೀರು ಬಂದು ಊರನ್ನು ಒರೆಸಿಕೊಂಡು ಹೋಗಿತ್ತು. ಕಲ್ಲಿನಿಂದ ಕೆಳಗೇ ಇಡೀ ಊರು ನಿಂತಿತ್ತು, ಮೇಸ್ತ್ರಿಯ ಮನೆಯೂ. ಯಾಕೆ ಎಂದು ಕೇಳಿದರೆ, ಕಡಲು ಕಾಣದಿದ್ದರೆ ನಿದ್ದೆ ಬರುವುದಿಲ್ಲ ಎಂದಿದ್ದ ಅವನು. ಗೋಡೆ ಕಟ್ಟಿದ ಮೇಲೆ ಅದು ಹೇಗಿದ್ದರೂ ಕಾಣುತ್ತಿರಲಿಲ್ಲ. ಈ ಮಾತಿಗೆ ಫೀಕಾದಲ್ಲಿ ಒಳ್ಳೆಯ ನಗು ಬರಬಹುದೆಂದು ರಾಮದಾಸ ಲೆಕ್ಕ ಹಾಕಿದ್ದ. ಹಾಗಾದರೆ ಹೇಳಿರಲಿಲ್ಲವೆಂದೇ ಆಯಿತು, ನಕ್ಕದ್ದು ನೆನಪಿಲ್ಲವಲ್ಲ. ಇಲ್ಲ, ಕಲ್ಲಿನ ವಿಷಯ ಹೇಳಿ ಗೋಡೆಯದನ್ನು ಬಿಟ್ಟಿರಬಹುದು. ಟುಂಬಾ ನಿಲ್ದಾಣದಲ್ಲಿ ಬಾಗಿಲು ತೆರೆದು ಚಳಿ ನುಗ್ಗಿತು. ಯಾರೋ ಮಗುವಿಗೆ ಟೋಪಿ ಸರಿಮಾಡುತ್ತಿದ್ದರು. ಚಿಪ್ಪು ಕಂಡರೆ ಹುಚ್ಚು ಎಂಬ ಹೆಂಗಸು, ನೀರು ಸರಿದ ಮರಳಿನ ಮೇಲೆ, ಬಗ್ಗಿ ಬಗ್ಗಿ ಮುಂದೆ ಹೋಗುತ್ತಿರುವುದು ಅವನಿಗೆ ಬೆನ್ನಿನ ಕಡೆಯಿಂದ ಕಂಡಿತು. ಅವನು ಅವಳನ್ನು ಒಮ್ಮೆಯೂ ಭೇಟಿಯಾಗಿರಲಿಲ್ಲ, ಅದಕ್ಕೇ ಮುಖವಿರಲಿಲ್ಲ.

ಯೋರಾನ್ ಮನೆಯ ಬಾಗಿಲ ಮೇಲೆ ಗಂಡಹೆಂಡಿರಿಬ್ಬರ ಹೆಸರೂ ಇತ್ತು, ಅವಳದೇ ಮೊದಲು. ಗಂಟೆ ಒತ್ತಿದ ಮೇಲೆ ರಾಮದಾಸನಿಗೆ ಓಡಿಹೋಗಬೇಕೆನಿಸಿತು. ಯೋರಾನ್ ಎಡಗೈಗೆ ಬೆರಳ ತುದಿಯವರೆಗೂ ಬ್ಯಾಂಡೇಜು ಸುತ್ತಿಕೊಂಡು ನಿಂತಿದ್ದ, ಗಡ್ಡ ಬಂದಿತ್ತು. ಹೇಳದೆ ಕೇಳದೆ ಬಾಗಿಲಿಗೆ ಬಂದ ಸಹೋದ್ಯೋಗಿಯನ್ನು ನೋಡಿ ಅವನ ಮುಖದ ಬಣ್ಣ ಇಳಿಯಿತು.

“ರಾಮ್. ಏನಾಯ್ತು?” ಎಂದ ಇಂಗ್ಲಿಷಿನಲ್ಲಿ.

“ಏನೂ ಆಗಿಲ್ಲ,” ಎಂದ ರಾಮದಾಸ. ಆ ಮನೆಯಲ್ಲಿ ನಿಂತು ಮೊದಲು ಆಡಿದ ಮಾತು ಇದಾಯಿತಲ್ಲ ಎಂದು ನಾಚಿಕೆಯಾಗಿ, ಬೂಟು ಬಿಚ್ಚುವುದರಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕಳೆದ.

ನಮ್ಮವರ ಮನೆಯಾಗಿದ್ದರೆ ಸುಮ್ಮನೆ ಕೂರುವುದೇ ಕೆಲಸ. ಒಬ್ಬರು ನಿಟ್ಟುಸಿರು ಬಿಡುತ್ತಾರೆ, ಇನ್ನೊಬ್ಬರು ಹೇಗಾಯ್ತಂತೆ ಎನ್ನುತ್ತಾರೆ, ಹತ್ತು ಸಲ ಹೇಳಿದ್ದನ್ನು ಮನೆಯವರು ಹನ್ನೊಂದನೆಯ ಸಲ ಹೇಳುತ್ತಾರೆ, ಹೇಳಿ ಹೇಳಿ ಸವೆಯಲಿ ಎಂದೇ ಅದು. ಇಲ್ಲಿ ಅವನು ಅಡುಗೆಮನೆಯ ಮೇಜಿನ ಮುಂದೆ ಕೂತು ಕಾಯತೊಡಗಿದ. ಯೋರಾನ್‌ಗೆ ಇವನು ಯಾತಕ್ಕೆ ಕಾಯುತ್ತಿದ್ದಾನೆಂದು ಗೊತ್ತಾಗಲಿಲ್ಲ. ಬಂದವರು ಕಾಫಿಗೆ ಕಾಯುತ್ತಾರೆ ಎಂಬುದು ಈ ದೇಶದಲ್ಲಿ ಹುಟ್ಟಿದವರಿಗೆಲ್ಲ ಗೊತ್ತಿರುವುದರಿಂದ, ಅವನು ಎದ್ದು, ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಒಂದೇ ಕೈಯಲ್ಲಿ ಮುಚ್ಚಳ ತಿರುಗಿಸಿದ. ಸಹಾಯಕ್ಕೆ ಏಳಬೇಕೋ ಬೇಡವೋ ಎಂದು ರಾಮದಾಸ ಅರ್ಧ ಎದ್ದು ಕೂತ. ಕಾಫಿ ಬಂತು. ಆಮೇಲೆ ಯೋರಾನ್ ಫ್ರೀಜರಿನಿಂದ ಬನ್ನಿನ ಒಂದು ಪೊಟ್ಟಣ ತೆಗೆದು, ಹಲ್ಲಿನಿಂದ ಬಿಚ್ಚಿ, ತಟ್ಟೆಯಲ್ಲಿಟ್ಟ.

“ಮರಿಯಾನ್ ಮಾಡಿಟ್ಟಿದ್ದು. ಏಲಕ್ಕಿ ಹಾಕಿದ್ದಾಳೆ, ನಿಮ್ಮ ಕಡೇದು.”

“ಬೇಡ. ಥ್ಯಾಂಕ್ಸ್.”

“ಕಾಫಿನಾದ್ರೂ ಕುಡಿ.”

“ಕಾಫಿನೂ ಬೇಡ.”

“ನೀನಾ? ಮಷೀನ್ ಖಾಲಿ ಮಾಡೋನು ನೀನೇ ಅಲ್ವಾ? ಹುಷಾರಿಲ್ವಾ?”

ಹುಷಾರಿಲ್ಲ ಎಂದಿದ್ದರೆ ಮುಗಿದು ಹೋಗುತ್ತಿತ್ತು. ಆದರೆ ಒಂದು ಮಡಿಚಿದ ಬನ್ನು, ಅದರ ಮೇಲೆ ಸಕ್ಕರೆ ಹರಳಿನ ಹಾಗೆ ಕೂತ ಮಂಜು, ಅದನ್ನು ಸುರುಳಿ ಸುತ್ತಿದ ಬೆರಳು, ಇವುಗಳ ಮುಂದೆ ರಾಮದಾಸನಿಗೆ ಸುಳ್ಳು ಹೇಳಲಾಗಲಿಲ್ಲ. ಗೌರವದ ಮಾತೇ ಎಂದುಕೊಂಡು, ವಿವರಿಸುವವನ ಧ್ವನಿಯಲ್ಲಿ, ಫೀಕಾದ ಇಂಗ್ಲಿಷಿನಲ್ಲಿ, ಹೇಳಿದ: “ನಮ್ಮಲ್ಲಿ ಒಂದು ಪದ್ಧತಿ. ಸಾವಾದ ಮನೇಲಿ ಏನೂ ತಗೊಳ್ಳಲ್ಲ. ನೀರು ಕೂಡ.”

ಹೇಳಿ ಮುಗಿಸಿದ ಮೇಲೆ ಅದು ಅವನ ಕಿವಿಗೆ ಬಿತ್ತು. ಮೂರು ವಾರದಿಂದ ಪೊಲೀಸರು ಕಾಣೆ ಎಂದಿದ್ದರು, ಕಾಣೆಯ ಹೆಸರಿನಲ್ಲೇ, ಗುರುತು ಹಿಡಿಯುವ ಪರೀಕ್ಷೆಗೆಂದು, ಅವಳ ಹಲ್ಲುಜ್ಜುವ ಬ್ರಷ್ಷನ್ನು ಕವರಿಗೆ ಹಾಕಿಕೊಂಡು ಹೋಗಿದ್ದರು. ಸರಕಾರದ ಫೋನಿನ ದನಿಯೂ ಕಾಣೆ ಎಂದಿತ್ತು. ಚರ್ಚಿನವರು ಭರವಸೆಗೆಂದು ಮೇಣದ ಬತ್ತಿ ಹಚ್ಚಿದ್ದರು. ಆಫೀಸಿನ ಇಮೇಲು ‘ಈ ಕಷ್ಟದ ಸಮಯ’ ಎಂದಷ್ಟೇ ಹೇಳಿ, ಕಷ್ಟ ಯಾವುದೆಂದು ಹೇಳದೆ ಸಹಿ ಹಾಕಿತ್ತು. ಇಷ್ಟೂ ಜನ ತುದಿಗಾಲಿನಲ್ಲಿ ಸುತ್ತು ಹಾಕಿ ದಾಟಿಹೋದ ಕಡೆಗೆ ಸುಂಡ್‌ಬೀಬರ್ಯ್‌ನ ರಾಮದಾಸ ಎರಡು ರೈಲು ಹತ್ತಿ ಬಂದು, ಕಾಫಿ ಬೇಡವೆನ್ನುವ ನೆಪದಲ್ಲಿ ಆಕೆಯನ್ನು ಸಾಯಿಸಿದ್ದ.

“ಸಾವಾದ ಮನೆ,” ಎಂದ ಯೋರಾನ್. ಪದಗಳ ತೂಕ ನೋಡುವವನ ಹಾಗೆ ಇನ್ನೊಮ್ಮೆ ಎಂದ. ಆಮೇಲೆ ರಾಮದಾಸನ ಮುಂದಿದ್ದ ಕಪ್ಪನ್ನು ತನ್ನ ಕಡೆಗೆ ಎಳೆದುಕೊಂಡು ಒಂದು ಗುಟುಕು ಕುಡಿದ. “ನೀನೇ ಮೊದಲು ಹೇಳಿದ್ದು.”

ಅದು ಬೈಗುಳವೋ ಉಪಕಾರಸ್ಮರಣೆಯೋ ತಿಳಿಯಲಿಲ್ಲ. ಈ ಜನರ ಮುಖ ಚಳಿಗಾಲದಲ್ಲಿ ಎರಡಕ್ಕೂ ಒಂದೇ ಇರುತ್ತದೆ. ಕ್ಷಮೆ ಕೇಳಲು ರಾಮದಾಸ ಬಾಯಿ ತೆರೆದ, ಬಂದದ್ದು ಬೇರೆ. “ಆವಾಗ... ಅವಳು ಬೀಚಿಗೆ ಇಳಿದಿದ್ಲಾ?”

“ಬೀಚಿಗಾ? ಇಲ್ಲ. ಮಲಗಿದ್ಲು. ರಜದಲ್ಲಿ ಬೇಗ ಏಳೋದು ಪಾಪ ಅಂತಾಳೆ. ನಾನು ಸ್ಕೂಟರಿಗೆ ಪೆಟ್ರೋಲ್ ಹಾಕಿಸೋಕೆ ಮೇಲಿನ ರೋಡಿಗೆ ಹೋಗಿದ್ದೆ.”

ಮಲಗಿದ್ದಳು. ರಾಮದಾಸನ ಹೆಗಲಿನಿಂದ ಏನೋ ಇಳಿಯಿತು, ಇಳಿದ ರಭಸಕ್ಕೆ ಹೊಟ್ಟೆ ಹಸಿಯಿತು. ತಟ್ಟೆಯಲ್ಲಿದ್ದ ಬನ್ನಿನ ಏಲಕ್ಕಿ ವಾಸನೆ ಅವನಿಗೆ ಆಗಲೇ ಬಂದದ್ದು. ನೀರು ಸರಿದದ್ದು ಆಕೆಗೆ ಗೊತ್ತೇ ಇಲ್ಲ. ಮರಳೂ ಇಲ್ಲ, ಚಿಪ್ಪೂ ಇಲ್ಲ, ಬಗ್ಗಿದ ಬೆನ್ನೂ ಇಲ್ಲ. ಈಗ ಎದ್ದು ಹೋಗಬಹುದಿತ್ತು. ಆದರೆ ಬಿಡುಗಡೆಯಾದವನಿಗೆ ಅದರ ರಸೀದಿಯೂ ಬೇಕು.

“ಫೀಕಾದಲ್ಲಿ ನಾನು ಹೇಳಿದ್ದು ಅವಳಿಗೆ ಹೇಳಿದ್ಯಾ? ಚಿಪ್ಪು ಆರಿಸೋದು? ಶಿರತೋಮರಿಯಲ್ಲಿ?”

“ಎಲ್ಲಿ?”

“ನಾನಿದ್ದ ಜಪಾನಿನ ಊರು.”

“ನೀನು ಜಪಾನಲ್ಲಿದ್ಯಾ?” ಎಂದ ಯೋರಾನ್.

ಎರಡು ವರ್ಷ ತುಂಡು ತುಂಡಾಗಿ ಬಡಿಸಿದ ಊರು! ಚಿಪ್ಪಿನ ಮಾತಿಗೆ ನಕ್ಕವನ ಕಿವಿಗೆ ಊರು ಬಿದ್ದೇ ಇರಲಿಲ್ಲ. ಮೂರು ವಾರದ ನಿದ್ದೆ, ರೈಲಿನ ಕಿಟಕಿಯಲ್ಲಿ ಕಂಡ ಹೆಂಗಸು, ಹೆಂಡತಿಯಿಂದ ಮುಚ್ಚಿಟ್ಟ ಪಾಪ, ಎಲ್ಲ ಅವನೊಬ್ಬನದೇ ಸ್ವಂತ ಆಸ್ತಿ. ನಿರಪರಾಧಿಗೆ ಆಗಬಾರದಂಥ ಒಂದು ಸಣ್ಣ ಅವಮಾನ ರಾಮದಾಸನಿಗಾಯಿತು. ಅದು ಆಯಿತಲ್ಲ ಎಂದು ಇನ್ನೊಂದು. ಕಿಟಕಿಯಲ್ಲಿ ಕಾಗದದ ನಕ್ಷತ್ರದೊಳಗಿನ ದೀಪ ತಾನಾಗಿ ಹತ್ತಿಕೊಂಡಿತು. ಥಾಯ್ಲೆಂಡಿಗೆ ಹೋಗುವ ಮುಂಚೆ ಇಬ್ಬರಲ್ಲಿ ಯಾರೋ ಟೈಮರ್ ಇಟ್ಟಿದ್ದರು, ಹಬ್ಬ ಮುಗಿದರೂ ಅದನ್ನು ಯಾರೂ ತೆಗೆದಿರಲಿಲ್ಲ.

“ಹೇಳು,” ಎಂದ ಯೋರಾನ್. “ಆ ಊರು.”

ರಾಮದಾಸ ಹೇಳಿದ. ಬೆರಳುಗಳ ಹಾಗಿನ ಬೆಟ್ಟ, ಒಂಟಿ ಬೋಗಿ, ಸ್ಕ್ವಿಡ್ಡು, ಚಿಪ್ಪಿನ ದಿನ. ಕಪ್ಪು ಎತ್ತಿಕೊಂಡು ಏಳುವವರು ಯಾರೂ ಇಲ್ಲದ್ದರಿಂದ ಕಲ್ಲಿನವರೆಗೂ ಹೇಳಿದ, ಗೋಡೆಯನ್ನೂ ಹೇಳಿದ. ನಗು ಬರುವುದೆಂದುಕೊಂಡಿದ್ದ ಜಾಗದಲ್ಲಿ ಯೋರಾನ್ ತಲೆ ಎತ್ತಿದ.

“ಸಿಗದೇ ಹೋದೋರಿಗೆ ಅಲ್ಲಿ ಏನು ಮಾಡಿದ್ರು?”

“ಯಾರಿಗೆ?”

“ನೀರು ತಗೊಂಡು ಹೋಯ್ತಲ್ಲ. ಎಲ್ರೂ ಸಿಕ್ಕಿರಲ್ಲ. ಆ ಮನೆಯೋರು ಏನು ಮಾಡಿದ್ರು? ಎಷ್ಟು ದಿನ ಕಾದ್ರು?”

ರಾಮದಾಸನಿಗೆ ಗೊತ್ತಿರಲಿಲ್ಲ. ಮೇಸ್ತ್ರಿಯನ್ನು ಅವನು ಗೋಡೆಯ ಎತ್ತರ ಕೇಳಿದ್ದ, ಕಲ್ಲಿನ ವಯಸ್ಸು ಕೇಳಿದ್ದ. ಮನುಷ್ಯರನ್ನು ಕೇಳಿರಲಿಲ್ಲ. ಅವನು ಬಾಡಿಗೆಗಿದ್ದದ್ದು ಕುನಿ-ಸಾನ್ ಎಂಬ ಮುದುಕಿಯ ಮಾಳಿಗೆಯಲ್ಲಿ. ತರಕಾರಿ ಮಾತ್ರ ತಿನ್ನುವ ಈ ಪ್ರಾಣಿಗೆಂದು ಅವಳು ದಿನಾ ಮೂಲಂಗಿ ಬೇಯಿಸುತ್ತಿದ್ದಳು. ಆ ಸಾರಿನ ರುಚಿ ಒಣಮೀನಿನದೆಂದು ಅವನಿಗೆ ಅರ್ಧ ವರ್ಷದ ಮೇಲೆ ತಿಳಿಯಿತು, ತಿಳಿದ ಮೇಲೂ ತಿಳಿಯದವನ ಹಾಗೆ ಉಂಡ. ಅವಳದು ಪುಸ್ತಕದ ಜಪಾನಿ ಅಲ್ಲ, ಗಂಟಲಲ್ಲೇ ಅರ್ಧ ಉಳಿಯುವ ಆ ಕರಾವಳಿಯ ಮಾತು. ಸಂಜೆ ಊಟವಾದ ಮೇಲೆ, ಕೆಳಗೆ ಕೆಂಡದ ಬಿಸಿಯಿದ್ದು ಮೇಲೆ ರಜಾಯಿ ಹೊದಿಸಿದ ಮೇಜಿನೊಳಗೆ ಕಾಲು ಚಾಚಿಕೊಂಡು, ಅವಳು ಹೇಳುತ್ತಿದ್ದಳು. ದಿನಾ. ಒಮ್ಮೆ ಕೈಯನ್ನು ಸೊಂಟದ ಮಟ್ಟಕ್ಕೆ ಹಿಡಿದು ಇಷ್ಟೆತ್ತರ ಎಂದು ತೋರಿಸಿದ್ದಳು. ತನ್ನ ಆಗಿನ ಎತ್ತರವೋ, ಇನ್ನೊಬ್ಬರದೋ, ನೀರಿನದೋ. ರಾಮದಾಸ ಹೌದು ಹೌದು ಎಂಬುದಕ್ಕೆ ಅಲ್ಲಿನವರ ಹಾಗೆ ಹೈ, ಹೈ ಎನ್ನುತ್ತ ಬೆಂಗಳೂರಿನಲ್ಲಿ ಶೋಭನಾ ಹುಡುಕಿದ ಬಾಡಿಗೆ ಮನೆಗೆ ನೀರು ಬರುತ್ತದೋ ಇಲ್ಲವೋ ಎಂದು ಯೋಚಿಸುತ್ತಿದ್ದ. ಬೆಳಿಗ್ಗೆ, ಹಿಮ ಬೀಳುತ್ತಿದ್ದರೂ, ಅವಳು ಕಡಲ ಕಡೆಯ ಕಿಟಕಿ ತೆರೆದು, ಊಟಕ್ಕೆ ತಡಮಾಡಿದವರನ್ನು ಕರೆಯುವ ಹಾಗೆ, ಕೋಪವಿಲ್ಲದ ಗದರಿಕೆಯಲ್ಲಿ, ಒಂದು ಹೆಸರು ಕೂಗುತ್ತಿದ್ದಳು. ಬೆಕ್ಕನ್ನು ಕರೆಯುತ್ತಾಳೆಂದು ಅವನು ಶೋಭನಾಗೆ ಬರೆದಿದ್ದ. ಯೋರಾನ್‌ನ ಮೇಜಿನ ಮುಂದೆ ಕೂತು ಈಗ ಹುಡುಕಿದರೆ, ಆ ಮನೆಯ ಮೆಟ್ಟಿಲಿನಲ್ಲಾಗಲಿ ಅಂಗಳದಲ್ಲಾಗಲಿ ರಜಾಯಿಯ ಮೇಲಾಗಲಿ, ಎರಡು ವರ್ಷದಲ್ಲಿ ಒಮ್ಮೆಯೂ, ಬೆಕ್ಕಿರಲಿಲ್ಲ.

ಅಂದರೆ ಹೇಳಿದ್ದಳು. ಯೋರಾನ್ ಕೇಳುತ್ತಿದ್ದುದಕ್ಕೆ ಉತ್ತರ ಗೊತ್ತಿದ್ದವಳು ಅದನ್ನು ಮೂಲಂಗಿಯ ಜೊತೆ ದಿನಾ ಇವನಿಗೆ ಬಡಿಸಿದ್ದಳು.

“ಗೊತ್ತಿಲ್ಲ,” ಎಂದ ರಾಮದಾಸ. “ಗೊತ್ತಿದ್ದೋರು ಇದ್ರು. ನಾನು ಕೇಳಿಸ್ಕೊಳ್ಳಲಿಲ್ಲ.”

ಯೋರಾನ್ ತಲೆಯಾಡಿಸಿದ. ಕಿಟಕಿಯ ನಕ್ಷತ್ರವನ್ನು ನೋಡುತ್ತ ಏನೋ ಹೇಳತೊಡಗಿದ. ಯಾವಾಗ ಇಂಗ್ಲಿಷ್ ಬಿಟ್ಟನೆಂದು ಅವನಿಗೂ ತಿಳಿದಂತಿರಲಿಲ್ಲ. ಆಫೀಸಿನ ಸ್ವೀಡಿಷ್ ಅಲ್ಲ ಇದು. ಅವನು ಹುಟ್ಟಿದ ಉತ್ತರದ್ದು, ಪದದ ಬಾಲವನ್ನು ನುಂಗುವಂಥದ್ದು. ಮುನಿಸಿಪಾಲಿಟಿಯ ಸಂಜೆ ತರಗತಿಯಲ್ಲಿ ಕಲಿತವನ ಕೈಗೆ ಅದರಲ್ಲಿ ಸಿಕ್ಕಿದ್ದು ನೀರು, ಬಾಗಿಲು, ಕೀಲಿಕೈ. ಉಳಿದದ್ದೆಲ್ಲ ಕೈಗೆ ಸಿಗದೆ ಹರಿದುಹೋಗುತ್ತಿತ್ತು. ಯೋರಾನ್ ನಡುನಡುವೆ ನಿಲ್ಲಿಸುತ್ತಿದ್ದ, ಮತ್ತು ನಿಲ್ಲಿಸಿದಲ್ಲೆಲ್ಲ ರಾಮದಾಸ ಉತ್ತರದವರು ಹೌದು ಎನ್ನುವ ರೀತಿಯಲ್ಲಿ, ತುಟಿ ಮುಂದೆ ಮಾಡಿ, ಉಸಿರನ್ನು ಒಳಕ್ಕೆ ಸರ್ರನೆ ಎಳೆದುಕೊಳ್ಳುತ್ತಿದ್ದ. ಅದನ್ನು ಅವನು ಚೆನ್ನಾಗಿಯೇ ಕಲಿತಿದ್ದ. ಮನೆಯಲ್ಲಿ ಶೋಭನಾ, ಇದೇನ್ರೀ ಬಿಸಿ ಸಾರು ಕುಡಿದ ಹಾಗೆ, ಎಂದು ಆಡಿಕೊಳ್ಳುವಷ್ಟು. ನಾಲ್ಕನೆಯದೋ ಐದನೆಯದೋ ಹೌದಿಗೆ ಉಸಿರು ಎಳೆದುಕೊಂಡವನು ಅದನ್ನು ಹಾಗೇ ಹಿಡಿದ.

“ಯೋರಾನ್. ನಂಗೆ ಅರ್ಥ ಆಗ್ಲಿಲ್ಲ.”

ಯೋರಾನ್ ಎಲ್ಲಿಂದಲೋ ವಾಪಸು ಬಂದವನಂತೆ ನೋಡಿದ. ಮುಖದಲ್ಲಿ ಮೊದಲ ಸಲ ಒಂದು ಸ್ಪಷ್ಟವಾದ ಭಾವನೆ ಕಂಡಿತು: ಸಿಟ್ಟು.

“ಎಷ್ಟು ಅರ್ಥ ಆಗ್ಲಿಲ್ಲ?”

“ಏನೂ ಆಗ್ಲಿಲ್ಲ.”

“ಮತ್ತೆ ಹೌದು ಹೌದು ಅಂತಿದ್ದೆ.”

“ಅಂದೆ. ಇನ್ನೊಂದ್ಸಲ ಹೇಳು. ಮೊದಲಿಂದ, ನಿಧಾನಕ್ಕೆ.”

“ಇದು ಇಂಗ್ಲಿಷಲ್ಲಿ ಬರಲ್ಲ ನನಗೆ.”

“ಇಂಗ್ಲಿಷ್ ಬೇಡ.”

ಎದ್ದು ಹೋಗು ಎನ್ನುತ್ತಾನೆಂದು ರಾಮದಾಸ ಕಾದ. ಎಂದಿದ್ದರೆ ಸರಿಯೇ ಇತ್ತು. ಆದರೆ ಯೋರಾನ್ ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡು, ಬ್ಯಾಂಡೇಜಿನ ಕೈಯನ್ನು ಗಾಳಿಯಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಳೆದು ತೋರಿಸಿದ.

“ಗಾರ್ಡಿನ್. ಗಾರ್ಡಿನ್ ಅಂದ್ರೆ ಗೊತ್ತಾ?”

“ಗೊತ್ತು. ಪರದೆ.”

“ರೂಮಿನ ಪರದೆ. ಹಸಿರು.”

“ಹಸಿರು.”

“ದಪ್ಪ ಇತ್ತು. ಹಾಕಿದ್ರೆ ಹೊರಗಿಂದು ಕಾಣ್ಸಲ್ಲ, ಕೇಳ್ಸಲ್ಲ.” ಒಂದೊಂದೇ ಪದವನ್ನು ಯೋರಾನ್ ಮೇಜಿನ ಮೇಲೆ ಇಟ್ಟು, ಎದುರಿಗಿದ್ದವನು ಅದನ್ನು ಎತ್ತಿಕೊಂಡನೆ ಎಂದು ನೋಡಿ, ಆಮೇಲೆ ಮುಂದಿನದನ್ನು ಇಡುತ್ತಿದ್ದ. “ಹೊರಡುವಾಗ ಅದನ್ನ ಎಳೆದು ಹೋದೋನು ನಾನು. ಅವಳ ಮುಖಕ್ಕೆ ಬಿಸಿಲು ಬೀಳ್ತಿತ್ತು.”

ಈ ಸಲ ಪೂರ್ತಿ ಅರ್ಥವಾಯಿತು. ರಾಮದಾಸ ಹೌದು ಎನ್ನಲಿಲ್ಲ.